ಅಕ್ಕಿಯಲ್ಲಿ ಬರೆದ ಡೊಮೇನ್

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಕಂಪ್ಯೂಟರುಗಳಿಂದ ತನ್ನ ಹೆಸರು ತೆಗೆಯಬೇಕೆಂದು ಒಬ್ಬಳು ಕೇಳಿಕೊಂಡಳು, ತೆಗೆದದ್ದಾಯಿತು. ಈಗ ಅದೇ ಕಥೆ ಹೇಳುವ ನೆಪದಲ್ಲಿ ಇನ್ನೊಂದು ಕಂಪ್ಯೂಟರಿನಲ್ಲಿ ಅದನ್ನು ಟೈಪು ಮಾಡಿದರೆ ಮಾಡಿದ ಕೆಲಸ ನೀರಿಗೆ ಹೋದಂತೆ. ಅದರ ಜಾಗಕ್ಕೆ ಬಂದ ಹೆಸರನ್ನೂ ಬರೆಯುವುದಿಲ್ಲ. ಅದು ಈಗ ಒಂದು ಕಬ್ಬಿಣದ ಪೆಟ್ಟಿಗೆಯ ಹೆಸರು, ಆ ಪೆಟ್ಟಿಗೆಗೆ ಅತ್ತೆಮನೆಯವರಿದ್ದಾರೆ.

ಕಲಬುರಗಿಯ ಐವಾನ್-ಎ-ಶಾಹಿ ಹತ್ತಿರ ಒಂದು ಮಳಿಗೆಯ ಮೇಲಿನ ಮಹಡಿಯಲ್ಲಿ ಆ ಆಫೀಸಿದೆ. ಹನಿ ನೀರಾವರಿಯ ಪೈಪು, ಪಂಪು, ಅದಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನು ಮಾರುವವರು. ಕಮಲಾಪುರದ ಕೆಂಪು ಬಾಳೆಯ ತೋಟದವರೇ ಹೆಚ್ಚಿನ ಗಿರಾಕಿಗಳಾದ್ದರಿಂದ ಅಲ್ಲೊಂದು ಶಾಖೆ. ಶಾಖೆಯಲ್ಲಿ ಕೂಡುವವರು ಆಫೀಸಿನ ಒಡೆಯರಾದ ಸಾಹುಕಾರರ ಅಕ್ಕ. ನಾನು ಕೋಟನೂರಿನಿಂದ ಸ್ಕೂಟಿಯಲ್ಲಿ ಬಂದು ಹೋಗುವ ಕಂಪ್ಯೂಟರಿನವಳು. ಇಂಥ ಕೆಲವು ಆಫೀಸುಗಳ ಯಂತ್ರಗಳ ಕಾಯಿಲೆ ಕಸಾಲೆ ನನ್ನ ಪಾಲಿಗಿವೆ.

ಡೊಮೇನ್ ಎಂದರೆ ಏನೆಂದು ಒಂದು ಮಾತು ಹೇಳಿಬಿಡುತ್ತೇನೆ, ಮುಂದೆ ತೊಂದರೆಯಾಗುವುದಿಲ್ಲ. ಆಫೀಸಿನ ಎಲ್ಲ ಕಂಪ್ಯೂಟರುಗಳಿಗೂ ಸೇರಿ ಇರುವ ಮನೆತನದ ಹೆಸರು ಅದು. ಸರ್ವರ್ ಎಂಬ ದೊಡ್ಡ ಪೆಟ್ಟಿಗೆ ಆ ಮನೆಯ ಯಜಮಾನಿ. ಯಾರು ಒಳಗೆ ಬರಬಹುದು, ಯಾರು ಬಾರದು ಎಂದು ನಿರ್ಧರಿಸುವುದು ಅವಳೇ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಪರದೆಯ ಮೇಲೆ ಮೊದಲು ಮನೆತನದ ಹೆಸರು, ಒಂದು ಓರೆಗೆರೆ, ಆಮೇಲೆ ಕೂತವರ ಹೆಸರು ಬರುತ್ತದೆ.

ಈ ಆಫೀಸಿನಲ್ಲಿ ಆ ಮನೆತನದ ಹೆಸರು ಸಾಹುಕಾರರ ಮಗಳದಾಗಿತ್ತು. ನನಗಿಂತ ಮುಂಚೆ ಇದ್ದವನು ಸರ್ವರ್ ಕೂಡಿಸುವಾಗ, ಏನು ಹೆಸರು ಕೊಡಲಿ ಎಂದು ಕೇಳಿದನಂತೆ. ಸಾಹುಕಾರರ ಎದುರಿಗೆ ಪೈಪಿನ ಸುರುಳಿಯ ಮೇಲೆ ಕೂತು ಪುಟ್ಟ ಮಗಳು ಶೇಂಗಾ ತಿನ್ನುತ್ತಿದ್ದಳಂತೆ. ಅವರು ಅವಳ ಹೆಸರು ಹೇಳಿದರಂತೆ. ಲಾರಿಗೆ, ಅಂಗಡಿಗೆ, ಹಿಟ್ಟಿನ ಗಿರಣಿಗೆ ಮಗಳ ಹೆಸರಿಡುವ ಊರಿನಲ್ಲಿ ಇದೇನು ದೊಡ್ಡದಲ್ಲ. ಆ ದಿನ ನಾನು ಅಲ್ಲಿರಲಿಲ್ಲ. ಆದರೂ ಆ ಸುರುಳಿ ಕಪ್ಪಗಿತ್ತು, ಶೇಂಗಾದ ಸಿಪ್ಪೆ ಅದರ ಒಳಗೆ ಬೀಳುತ್ತಿತ್ತು ಎಂದೆಲ್ಲ ನನಗೆ ನೆನಪಿದೆ. ನನ್ನ ನೆನಪಿನ ಯೋಗ್ಯತೆ ಇಷ್ಟು. ಓದುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಹುಡುಗಿ ಶಾಲೆಗೆ ಹೋದಳು, ಕಾಲೇಜಿಗೆ ಹೋದಳು, ವಕೀಲೆಯಾದಳು. ಆಫೀಸಿನಲ್ಲಿ ಅವಳ ಹೆಸರಿನ ಇನ್ನೊಬ್ಬಳು ಗೋಡೆಗೆ ಆತು ನಿಂತು ಹಗಲೂ ರಾತ್ರಿ ಗುಂಯ್‌ಗುಡುತ್ತಿದ್ದಳು. ಲೆಕ್ಕಪತ್ರ ನೋಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅವರಿಗೆ ಚಾಚಾ ಎನ್ನುತ್ತೇವೆ. ಅವರು ನನಗೆ ಫೋನು ಮಾಡುತ್ತಿದ್ದದ್ದೇ ಹೀಗೆ: ಹುಡುಗಿಯ ಹೆಸರು ಹಿಡಿದು, "ಬೇಟಾ, ಇವತ್ತ ಆಕಿ ತಬಿಯತ್ ಸರಿ ಇಲ್ಲ. ಬೆಳಗ್ಗಿಂದ ಯಾರಿಗೂ ಒಳಗ ಬಿಡವಲ್ಲಳು." ನಾನು ಹೋಗಿ ನೋಡಿ, "ಈಗ ಆರಾಮ ಅದಾಳ್ರೀ ಚಾಚಾ" ಎನ್ನುತ್ತಿದ್ದೆ. ಅದರಲ್ಲಿ ವಿಶೇಷವೇನೂ ಯಾರಿಗೂ ಕಾಣಿಸುತ್ತಿರಲಿಲ್ಲ, ಬೀಗರು ಚಹಾಕ್ಕೆ ಬರುವವರೆಗೆ.

ಮದುವೆ ಗೊತ್ತಾಗಿತ್ತು. ಹುಡುಗನ ಮನೆಯವರು ಯಾವುದೋ ಕೆಲಸಕ್ಕೆ ಪೇಟೆಗೆ ಬಂದವರು ಆಫೀಸಿಗೂ ಬಂದು ಕೂತರು. ಜೊತೆಗೆ ಹುಡುಗನ ಆಯಿ, ತಂದೆಯ ತಾಯಿ. ಅದೇ ಹೊತ್ತಿಗೆ ಚಾಚಾ ಒಳಗಿನಿಂದ ನನಗೆ ಫೋನು ಹಚ್ಚಿ, ತಮ್ಮ ಸಹಜ ಗಂಟಲಿನಲ್ಲಿ, ಮದುಮಗಳಾಗುವವಳ ಹೆಸರು ಹೇಳಿ, "ಆಕಿ ಮತ್ತ ಬಿದ್ದಾಳ. ಎಬ್ಬಸಿದ್ರ ಏಳವಲ್ಲಳು. ತಾರ್ ಕಿತ್ತಿ ಒಂದ್ಸಲ ಹಚ್ಚಿ ನೋಡ್ಲೇನು?" ಎಂದರು. ಆಯಿ ಬಸಿಯಲ್ಲಿದ್ದ ಚಹಾವನ್ನು ಕಪ್ಪಿಗೆ ವಾಪಸು ಸುರಿದರಂತೆ. ಇದು ಸಾಹುಕಾರರು ಹೇಳಿದ್ದು. ಕುಡಿಯಲು ಬಸಿಗೆ ಸುರಿಯುವವರನ್ನು ಕಂಡಿದ್ದೇನೆ. ವಾಪಸು ಸುರಿದವರನ್ನು ಕಾಣಲು ಸಿಕ್ಕಿದ್ದರೆ ಚೆನ್ನಾಗಿತ್ತು.

ಮರುದಿನ ಸಾಹುಕಾರರು ನನ್ನನ್ನು ಕರೆಸಿದರು.

"ಮೇಡಂ, ಆಕಿ ಹೆಸರು ಬದಲ ಮಾಡಬೇಕಾಗ್ಯಾದ್ರಿ."

"ಮಗಳದೋ, ಸರ್ವರಿಂದೋ?"

"ಯಾವುದರೆ ಒಂದರ್ದು ಮಾಡಬೇಕು. ತಕರಾರು ಬಿದ್ದದ್ದೇ ಅಲ್ಲಿ."

ತಕರಾರು ಹೀಗಿತ್ತು. ಬೀಗರ ಮನೆಯಲ್ಲಿ ಸೊಸೆಯಾಗಿ ಬರುವವಳಿಗೆ ಹೊಸ ಹೆಸರಿಡುತ್ತಾರೆ. ಪರಾತವೆಂಬ ಅಗಲ ತಟ್ಟೆಯಲ್ಲಿ ಅಕ್ಕಿ ಹರವಿ, ಮದುಮಗ ಉಂಗುರದಿಂದ ಅದರಲ್ಲಿ ಹೆಸರು ಬರೆಯುತ್ತಾನೆ. ಅಂದಿನಿಂದ ಅವಳು ಅದೇ. ಹುಡುಗಿ ಆಗುವುದಿಲ್ಲ ಎಂದಳು. ಕೋರ್ಟಿನ ಎದುರಿನ ಕೋಣೆಗೆ ಆಗಷ್ಟೇ ತನ್ನ ಹೆಸರಿನ ಬೋರ್ಡು ಹಚ್ಚಿದ್ದಳು. ಹುಡುಗ, ನನಗೆ ಯಾವ ಹೆಸರಾದರೂ ನಡೆಯುತ್ತದೆ ಎಂದ. ಆಯಿ ಮಾತ್ರ ಜಗ್ಗಲಿಲ್ಲ. ಅವರದು ಹಟವೂ ಅಲ್ಲ, ಅವರಿಗೆ ನಿಜವಾದ ಪೇಚಿತ್ತು: ದೇವರ ಮುಂದೆ ಚೀಟಿ ಹಾಕಿ ಹೆಸರು ಎತ್ತಿಯಾಗಿತ್ತು. ದೇವರು ಕೊಟ್ಟ ಹೆಸರನ್ನು, ಇಲ್ಲಿ ಯಾರಿಗೂ ಬೇಡವಂತೆ ಎಂದು ಹಿಂದಿರುಗಿಸಲು ಬರುವುದಿಲ್ಲ.

ನನಗೂ ಅಕ್ಕಿಯಲ್ಲಿ ಬರೆದ ಹೆಸರೊಂದಿದೆ. ಅದು ನಮ್ಮತ್ತೆಯ ಬಾಯಲ್ಲಿ ಮತ್ತು ಗ್ಯಾಸಿನ ಪುಸ್ತಕದಲ್ಲಿ ಬದುಕಿದೆ. ಆಧಾರಿನಲ್ಲಿ ತವರಿನದು. ಬ್ಯಾಂಕಿಗೆ ಹೋದಾಗ ಕೌಂಟರಿನವರು, ಇಬ್ಬರೂ ಹೆಣ್ಣುಮಕ್ಕಳನ್ನು ಕರೆದುಕೊಂಡು ಬರ್ರಿ, ಒಟ್ಟಿಗೆ ಸಹಿ ಮಾಡಲಿ ಎಂದಿದ್ದರು. ಹುಡುಗಿ ನನ್ನ ಬಳಿ ಬರಲು ಇದು ಕಾರಣವೋ ಅಲ್ಲವೋ ತಿಳಿಯದು. ಬಂದಳು. ಒಂದು ಭಾನುವಾರ, ಕೋಟನೂರಿನ ನಮ್ಮ ಮನೆಗೆ, ಕರಿ ಕೋಟು ಹಾಕಿಕೊಂಡು. ಭಾನುವಾರ ಕೋರ್ಟಿರುವುದಿಲ್ಲ. ಕೋಟನ್ನು ನನ್ನ ನೆನಪೇ ಆಮೇಲೆ ಅವಳಿಗೆ ತೊಡಿಸಿರಬೇಕು.

"ಅಕ್ಕಾ," ಎಂದಳು, "ಅವರ ಕಡೆ ಒಂದು ಹೆಸರು ಖಾಲಿ ಕೂತದ. ನಮ್ಮ ಕಡೆ ಒಂದೇ ಹೆಸರಿನವ್ರು ಇಬ್ರು ಅದೀವಿ. ಆ ಹೆಸರು ಆಕೀಗಿ ಕೊಟ್ಬಿಡ್ರಿ."

"ಯಾರಿಗಿ?"

"ಡಬ್ಬಿಗಿ. ನಾ ಅದೇ ಉಳೀತೀನಿ. ಆಯಿ ಒಪ್ಪಬೇಕು ಅಷ್ಟೇ."

"ಒಪ್ಪದಿದ್ರ?"

"ಹದಿನೈದು ವರ್ಷ ಚಾಚಾನ ಬಾಯಾಗ ಬಿದ್ದೀನಿ, ಎದ್ದೀನಿ. ಈಗ ಒಂದು ಬೋರ್ಡ್ ಹಾಕ್ಕೊಂಡೀನಿ. ಅದನ್ನ ಇಳಸಾಕ ನನ್ನ ಕೈ ಏಳಂಗಿಲ್ಲ ಅಕ್ಕಾ."

ಆಯಿಯನ್ನು ಒಪ್ಪಿಸಲು ಸಾಹುಕಾರರು ಅವರನ್ನು ಮತ್ತೆ ಆಫೀಸಿಗೆ ಕರೆತಂದರು. ಸರ್ವರ್ ಇದ್ದದ್ದು ಹಿಂದೆ ಬಚ್ಚಲಾಗಿದ್ದ ಒಂದು ಸಣ್ಣ ಕೋಣೆಯಲ್ಲಿ. ನಲ್ಲಿ ಈಗಲೂ ಇದೆ, ನೀರಿಲ್ಲ. ಆಯಿ ಕುರ್ಚಿ ಹಾಕಿಸಿಕೊಂಡು ಅದರ ಬಾಗಿಲಲ್ಲಿ ಕೂತು, ಹೆಣ್ಣು ನೋಡಲು ಬಂದವರು ಕೇಳುವಂತೆಯೇ ಕೇಳಿದರು.

"ಇದು ಮನಿ ಬಿಟ್ಟು ಹೊರಗ ಹೋಗ್ತದೇನು?"

"ಇಲ್ಲ ಆಯಿ," ಎಂದೆ. "ಗ್ವಾಡಿಗಿ ಕೂಡಿಸಿ ಇಟ್ಟೀವಿ."

"ನಿದ್ದಿ?"

"ಮಾಡೂದಿಲ್ಲ. ಹಗಲೂ ರಾತ್ರಿ ಎಚ್ಚರ ಇರ್ತದ."

"ಹೇಳಿದ್ದು ಕೇಳ್ತದೇನು?"

ಚಾಚಾ ನಡುವೆ ಬಾಯಿ ಹಾಕಿದರು. "ಕೇಳ್ತಾಳ ಅಮ್ಮಾ. ಖರೇ ಎರಡು ಮೂರು ಸಲ ಹೇಳಬೇಕಾಗ್ತದ."

"ಹಂಗಾದ್ರ ಮನಷ್ಯಾರಂಗೇ ಅದ ಬಿಡು," ಎಂದರು ಆಯಿ. ಆಮೇಲೆ ನನ್ನ ಕಡೆ ತಿರುಗಿ ಕರಾರು ಹೇಳಿದರು. "ಒಂದಕ್ಕ ಎರಡು ಹೆಸರು ಇರಬಾರ್ದು. ಹಳೀದು ಯಾವ ಮಷಿನ್ಯಾಗೂ ಉಳೀಬಾರ್ದು. ಅರಿಷಿಣ ಹಚ್ಚೂದರೊಳಗ ಪೂರಾ ಆಗಬೇಕು. ಒಂದರಾಗ ಉಳೀತು ಅಂದ್ರೂ ಡಬ್ಬಿ ಹೆಸರು ಡಬ್ಬಿಗಿರಲಿ, ನಾ ಎತ್ತಿದ ಹೆಸರು ಹುಡುಗೀಗೇ ಬರ್ತದ."

ಹುಡುಗಿ ಅಲ್ಲೇ ನಿಂತಿದ್ದಳು. "ಆಯ್ತ್ರಿ ಆಯಿ," ಎಂದಳು, ವಕೀಲೆಯ ಹಾಗೆ. ಆಮೇಲೆ ನನ್ನನ್ನು ನೋಡಿದ್ದು ವಕೀಲೆಯ ಹಾಗಲ್ಲ.

ಕಂಪ್ಯೂಟರ್ ಕೆಲಸ ಗೊತ್ತಿರುವವರು ಡೊಮೇನಿನ ಹೆಸರು ಬದಲಿಸುವುದಿಲ್ಲ. ಎಲ್ಲ ಅಳಿಸಿ ಹೊಸದಾಗಿ ಶುರು ಮಾಡುತ್ತಾರೆ. ಹೆಸರು ಒಂದು ಕಡೆ ಇದ್ದರೆ ತೆಗೆಯಬಹುದು, ಇದು ಬೇರಿನ ಹಾಗೆ ಎಲ್ಲದರೊಳಗೂ ಇಳಿದಿರುತ್ತದೆ. ನಾನು ಆಯಿಗೆ ಈ ಸುಲಭದ ದಾರಿಯನ್ನೂ ಹೇಳಿ ನೋಡಿದೆ: ಅಳಿಸಿ, ಹೊಸ ಹೆಸರಿನಲ್ಲಿ ಮತ್ತೆ ಕಟ್ಟುತ್ತೇನೆ ಎಂದು.

"ಅಂದ್ರ ಅದು ಸತ್ತು, ಬ್ಯಾರೇದು ಹುಟ್ಟತದ?"

"ಹಂಗೇ ಅನ್ರಿ."

"ಬ್ಯಾಡ. ಮದುವಿ ಮನಿ. ಇದ್ದದ್ದೇ ಇರಲಿ, ಹೆಸರಷ್ಟೇ ಬದಲಾಗಲಿ."

ಹೀಗಾಗಿ ನಮ್ಮ ಕಡೆ ಯಾರೂ ಮಾಡದ ಕೆಲಸವನ್ನು ನಾನು ಸಾಂಪ್ರದಾಯಿಕ ಕಾರಣಗಳಿಗಾಗಿ ಮಾಡಬೇಕಾಯಿತು.

ಆಫೀಸು ಮುಚ್ಚಿರುವ ಭಾನುವಾರ ಬೆಳಿಗ್ಗೆ ಹಿಡಿದೆವು, ರಾಹುಕಾಲ ಸಂಜೆಗೆ ಬರುವುದರಿಂದ. ಆಯಿ ಹಿತ್ತಾಳೆಯ ಪರಾತ, ಅಕ್ಕಿ, ಮೊಮ್ಮಗ, ಅವನ ಬೆರಳಿಗೆ ಉಂಗುರ ಎಲ್ಲ ಸಜ್ಜು ಮಾಡಿಕೊಂಡು ಬಂದರು. ಹುಡುಗ ಬಚ್ಚಲಿನ ಕೋಣೆಯಲ್ಲಿ ಮಂಡಿಯೂರಿ, ಸರ್ವರಿನ ಎದುರು, ತನ್ನ ಹೆಂಡತಿಯಾಗದವಳ ಹೆಸರನ್ನು ಅಕ್ಕಿಯಲ್ಲಿ ಬರೆದ. ಬರೆದು ಎದ್ದಾಗ ಕಿವಿ ಕೆಂಪಾಗಿತ್ತು. ನಾನು ಪಕ್ಕದಲ್ಲಿ ಕೂತು ಅದೇ ಹೆಸರನ್ನು ಟೈಪು ಮಾಡಿದೆ.

"ಇಂವ ಬರದ್ದೂ ನೀ ಬರದ್ದೂ ಒಂದೇನಾ?" ಎಂದು ಆಯಿ ಕೇಳಿದರು.

ಚಾಚಾ ಕನ್ನಡಕ ಏರಿಸಿ ಒಮ್ಮೆ ಪರಾತ, ಒಮ್ಮೆ ಪರದೆ ನೋಡಿ ಒಂದೊಂದೇ ಅಕ್ಷರ ಹೋಲಿಸಿದರು. "ಬರೋಬರಿ ಅದ ಅಮ್ಮಾ. ಖರೇ ಅಕ್ಕ್ಯಾಂದು ಚಂದ ಕಾಣ್ತದ."

ಸರ್ವರಿಗೆ ಹೇಳಿದರೆ ಮುಗಿಯುವುದಿಲ್ಲ. ಮನೆತನದ ಪ್ರತಿಯೊಂದು ಕಂಪ್ಯೂಟರೂ ಸರ್ವರಿನ ಸಂಪರ್ಕದಲ್ಲಿ ಇದ್ದುಕೊಂಡೇ ಎರಡು ಸಲ ರೀಸ್ಟಾರ್ಟ್ ಆಗಬೇಕು. ಮೊದಲನೆಯ ಸಲ ಹೊಸ ಹೆಸರನ್ನು ಕೇಳಿಸಿಕೊಳ್ಳುತ್ತದೆ, ಎರಡನೆಯ ಸಲ ಅದಕ್ಕೆ ಓಗೊಡಲು ಶುರು ಮಾಡುತ್ತದೆ. ಎಲ್ಲವೂ ಮುಗಿದ ಮೇಲೆ ನಾನು ಸರ್ವರಿಗೆ, ಆಯಿತು, ಇನ್ನು ಹಳೆಯದನ್ನು ಮರೆತುಬಿಡು ಎಂದು ಕೊನೆಯ ಆಜ್ಞೆ ಕೊಡಬೇಕು. ಅಲ್ಲಿಯವರೆಗೆ ಅದು ಎರಡೂ ಹೆಸರಿಗೆ ಓ ಎನ್ನುತ್ತಿರುತ್ತದೆ.

ಕಲಬುರಗಿಯ ಯಂತ್ರಗಳು ಒಂದೊಂದಾಗಿ ಮಲಗಿ ಎದ್ದವು, ಮತ್ತೆ ಮಲಗಿ ಎದ್ದವು, ಹೊಸ ಹೆಸರು ತೋರಿಸಿದವು. ಕಮಲಾಪುರದ್ದು ಮಾತ್ರ ಉಸಿರೆತ್ತಲಿಲ್ಲ.

ಫೋನು ಮಾಡಿದೆ. ಸಾಹುಕಾರರ ಅಕ್ಕ ಎತ್ತಿದರು.

"ಅಕ್ಕಾರ, ಕಂಪ್ಯೂಟರ್ ಹಚ್ಚೀರೇನ್ರಿ?"

"ಕರೆಂಟ್ ಇಲ್ಲ."

ಸೋಮವಾರವೂ ಕರೆಂಟಿರಲಿಲ್ಲ. ಮಂಗಳವಾರವೂ. ಅವರ ಮಾತಿನ ಹಿಂದೆ ಟಿವಿಯಲ್ಲಿ ಯಾವುದೋ ಸೀರಿಯಲ್ಲಿನ ಅತ್ತೆ ಸೊಸೆಗೆ ಬೈಯುತ್ತಿರುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಸಾಹುಕಾರರು ತಾವೇ ಫೋನು ಮಾಡಿದರೆ ಅಕ್ಕ ಎತ್ತಲಿಲ್ಲ. ಅರಿಶಿಣದ ದಿನ ಹತ್ತಿರ ಬರುತ್ತಿತ್ತು. ಹುಡುಗಿ ಕೋರ್ಟಿನಿಂದ ದಿನಾ ಒಂದು ಮೆಸೇಜು ಕಳಿಸುತ್ತಿದ್ದಳು, ಅದರಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ನಾನು ಬಸ್ಸು ಹತ್ತಿದೆ. ಅದು ಸಂತೆಯ ದಿನವೇ ಎಂದು ಖಾತ್ರಿಯಿಲ್ಲ. ಆದರೆ ನನ್ನ ಚಪ್ಪಲಿಯ ಮೇಲೆ ಯಾರದೋ ಕೋಳಿ ಕೂತು ಕಮಲಾಪುರದವರೆಗೆ ಬಂದದ್ದು ನೆನಪಿರುವುದರಿಂದ ಸಂತೆಯೇ ಇರಬೇಕು. ಕೋಳಿ ಬೇರೆ ಪ್ರಯಾಣದ್ದೂ ಇರಬಹುದು. ಒಮ್ಮೆ ಕಣ್ಣಿಗೆ ಬಿದ್ದ ಕೋಳಿ ನಾಲ್ಕು ನೆನಪುಗಳಲ್ಲಿ ಕೂತು ಓಡಾಡುತ್ತದೆ.

ಶಾಖೆ ಎಂದರೆ ಬಸ್ ನಿಲ್ದಾಣದ ಹಿಂದೆ ಒಂದು ಅಂಗಡಿ, ಅದರ ಬೆನ್ನಿಗೆ ಅಕ್ಕನವರ ಮನೆ. ಮೇಜಿನ ಮೇಲೆ ಪರದೆ ಮತ್ತು ಕೀಬೋರ್ಡು ಇದ್ದವು. ಕೆಳಗೆ ಇರಬೇಕಾದ ಪೆಟ್ಟಿಗೆ ಇರಲಿಲ್ಲ. ತಂತಿಗಳು ನೆಲದ ಮೇಲೆ ಬಿದ್ದಿದ್ದವು.

"ಎಲ್ಲದರೀ ಅದು?"

"ಒಳಗ ಅದ."

ಒಳಗಿನ ಕೋಣೆಯಲ್ಲಿ ಜೋಳದ ಚೀಲಗಳ ಮೇಲೆ, ಕೌದಿ ಸುತ್ತಿಸಿಕೊಂಡು ಪೆಟ್ಟಿಗೆ ಮಲಗಿತ್ತು. ಅಕ್ಕನವರು ಅದರ ಪಕ್ಕದಲ್ಲಿ ನಿಂತರು. ಗಟ್ಟಿ ಆಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಕೇಳಿದರು.

"ನಮ್ಮ ತಮ್ಮ ಕಳಿಸ್ಯಾನಲಾ ನಿನ್ನ?"

"ಹೌದ್ರಿ."

"ಅವನಿಗಿ ಹೇಳು. ಈ ಹೆಸರಿಗಿ ನಾ ಗುದ್ದು ತಿಂದೀನಿ. ಅಂವ ತಿಂದಿಲ್ಲ. ಈಗ ಬೀಗರು ಬಂದು ಬ್ಯಾಡ ಅಂದ್ರ ಕೊಟ್ಬಿಡ್ತಾನೇನು?"

ಗುದ್ದು ನಿಜವಾದದ್ದೇ. ನಮ್ಮ ಕಡೆ ಕೂಸಿಗೆ ಹೆಸರಿಡುವವಳು ಸೋದರತ್ತೆ. ತೊಟ್ಟಿಲ ಮೇಲೆ ಬಾಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಅವಳು ಹಾಗೆ ಬಾಗಿರುವಾಗ ಸುತ್ತಲಿನ ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಗುದ್ದುತ್ತಾರೆ. ಯಾಕೆಂದು ಯಾರೂ ನನಗೆ ಹೇಳಿಲ್ಲ. ಹೆಸರು ಪುಕ್ಕಟೆ ಬರಬಾರದೆಂದೋ ಏನೋ. ಬಳಿಕ ಗುಗ್ಗರಿ ಹಂಚುತ್ತಾರೆ.

"ಇವತ್ತಿಗೂ ಥಂಡಿ ಬಿದ್ರ ಇಲ್ಲಿ ಹಿಡಿತದ," ಎಂದು ಅಕ್ಕನವರು ಬೆನ್ನು ತೋರಿಸಿದರು.

ನಾನು ಚೀಲದ ತುದಿಗೆ ಕೂತು ಮೊದಲಿನಿಂದ ಹೇಳಿದೆ. ಬದಲಾಗುವುದು ಯಂತ್ರದ್ದು, ಹುಡುಗಿಯದಲ್ಲ. ಯಂತ್ರದ್ದು ಪೂರ್ತಿ ಬದಲಾದರೆ ಹುಡುಗಿಯದು ಉಳಿಯುತ್ತದೆ. ಈ ಒಂದು ಪೆಟ್ಟಿಗೆಯಲ್ಲಿ ಹಳೆಯದು ಉಳಿದರೆ ಹುಡುಗಿಯದು ಹೋಗುತ್ತದೆ.

ಅಕ್ಕನವರು ಪೂರ್ತಿ ಕೇಳಿದರು. "ಹೆಸರು ಉಳಸಾಕ ಹೆಸರು ತೆಗೀಬೇಕು ಅಂತೀ."

"ಹೌದ್ರಿ."

"ನಾ ಅದನ್ನ ಉಳಸಾಕ ಮುಚ್ಚಿಟ್ರ, ಅದೇ ಹೋಗ್ತದ ಅಂತೀ."

"ಹೌದ್ರಿ."

"ಯಾರು ಕಲಿಸ್ಯಾರ ಯವ್ವಾ ನಿನಗ ಈ ಕೆಲಸ?"

ನಾನು ಹುಡುಗಿಗೆ ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಅವಳು ಕೋರ್ಟಿನಲ್ಲಿದ್ದಳು, ಪಿಸುಮಾತು. ಅಕ್ಕನವರು ಫೋನನ್ನು ಸ್ಪೀಕರಿಗೆ ಹಾಕಿದ್ದರಿಂದ ನನಗೂ ಜೋಳಕ್ಕೂ ಕೇಳಿಸಿತು.

"ಅತ್ತೀ, ಜಡ್ಜ್ ಬರಾಕತ್ತಾರ, ಲಗೂನ ಹೇಳ್ತೀನಿ. ನೀ ಇಟ್ಟಿದ್ದು ನಾ ಬಿಡಂಗಿಲ್ಲ. ಬಿಡಬಾರ್ದು ಅಂತೇ ಇಷ್ಟೆಲ್ಲಾ ಮಾಡಾಕತ್ತೀನಿ. ಆ ಡಬ್ಬಿ ಹಚ್ಚು."

"ಅವರು ಕರಿಯೂದು ಯಾವ ಹೆಸರಲೆ?"

"ನೀ ಇಟ್ಟದ್ದರಲೇ. ಡಬ್ಬಿ ಹಚ್ಚಿದ್ರ."

"ನಿನಗ ಕಡೀತನಕ ಅದೇ ಬೇಕಾ?"

"ಬೇಕು ಅತ್ತೀ. ಇಡ್ತೀನಿ."

ಅಕ್ಕನವರು ಫೋನನ್ನು ನನಗೆ ಕೊಡದೆ ಸೆರಗಿನಿಂದ ಅದರ ಗಾಜು ಒರೆಸಿದರು. ಆಮೇಲೆ ಕೌದಿ ಬಿಚ್ಚಿದರು. "ಹಚ್ಚತೀನಿ. ಖರೇ ಹೆಸರು ಇಡಾಕಿ ನಾನೇ. ಅಕ್ಕ್ಯಾಗ ಬರದ್ರ ಹೆಸರಿಟ್ಟಂಗ ಆತೇನು? ಕಿವ್ಯಾಗ ಹೇಳಬೇಕು. ಇದರ ಕಿವಿ ಎಲ್ಲಿ ಅದ?"

ಪೆಟ್ಟಿಗೆಯನ್ನು ಮೇಜಿಗೆ ತಂದು ತಂತಿ ಹಚ್ಚಿದೆವು. ಕಿವಿ ಹುಡುಕುವುದು ನನ್ನ ಕೆಲಸವಾಯಿತು. ಎದುರಿಗೆ ಹೆಡ್‌ಫೋನ್ ಸಿಕ್ಕಿಸುವ ಸಣ್ಣ ತೂತಿತ್ತು. ಅದನ್ನು ತೋರಿಸಿ, "ಕಿವೀಗಿ ಹಚ್ಚೂದು ಇಲ್ಲಿಂದೇ ನೋಡ್ರಿ" ಎಂದೆ. ಅವರಿಗೆ ಸಮಾಧಾನವಾಯಿತು. ಸೊಂಟಕ್ಕೆ ಸೆರಗು ಸಿಕ್ಕಿಸಿ ಬಾಗಿದರು. ಅರ್ಧ ಬಾಗಿ ನಿಂತರು.

"ಗುದ್ದವ್ರು ಯಾರು?"

ಅಂಗಡಿಯಲ್ಲಿ ನಾನೊಬ್ಬಳೇ. ಆಗ ಪೈಪಿನ ಜೋಡಣೆ ಕೇಳಿಕೊಂಡು ತೋಟದ ಹೆಂಗಸೊಬ್ಬಳು ಒಳಬಂದಳು. ಅಕ್ಕನವರು ಬಾಗಿದ್ದಲ್ಲಿಂದಲೇ, "ಬಾ ತಂಗಿ, ಹೆಸರಿಡಾಕತ್ತೀನಿ, ಕೈ ಹಚ್ಚು" ಎಂದರು.

"ಕೂಸು ಎಲ್ಲದ?"

"ಇದೇ."

ಆ ಹೆಂಗಸು ಪೆಟ್ಟಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು. ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. ಅಕ್ಕನವರು ತೂತಿಗೆ ಬಾಯಿ ಹಚ್ಚಿ ಕುರ್ರ್ ಎಂದರು, ನಾವಿಬ್ಬರೂ ಗುದ್ದಿದೆವು. ನನ್ನದು ಹಗುರವಾಯಿತೆಂದು ಬೈಸಿಕೊಂಡೆ. ಅವಳದು ಬಾಳೆಗೊನೆ ಹೊರುವ ಕೈ. ಹೆಸರು ಹೇಳಿದ್ದು ನನಗೆ ಕೇಳಿಸಲಿಲ್ಲ. ಕೇಳಿಸಬಾರದು, ಅದು ಕೂಸಿಗೆ ಮಾತ್ರ.

ಒಂದನೆಯ ಸಲ ರೀಸ್ಟಾರ್ಟ್ ಆಯಿತು. ಹೊಸ ಹೆಸರು ಕಲಬುರಗಿಯಿಂದ ಬಂದು ತಲುಪಿತು. ಎರಡನೆಯ ಸಲವೂ ಆಯಿತು. ಒಳಗೆ ಹೋಗಿ ನೋಡಬೇಕಿತ್ತು.

"ಪಾಸ್‌ವರ್ಡ್ ಹೇಳ್ರಿ ಅಕ್ಕಾರ."

"ಹ್ಯಾಂಗ ಹೇಳ್ಲಿ?"

"ಯಾಕ್ರಿ?"

"ಅವರ ಹೆಸರದು."

ಅವರು ಎಂದರೆ ತೀರಿಹೋದ ಯಜಮಾನರು. ಇದ್ದಾಗಲೂ ಬಾಯಿ ಬಿಟ್ಟು ಹೇಳದ ಹೆಸರನ್ನು ಈಗ ಕಂಪ್ಯೂಟರಿಗಾಗಿ ಹೇಳುವುದು ಹೇಗೆ? "ಬಾಯಲೆ ಅನ್ನೂದಿಲ್ಲ," ಎಂದರು. "ಒತ್ತತೀನಿ. ನೀ ಆಕಡಿ ನೋಡು." ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಒಂದೇ ಬೆರಳಿನಿಂದ, ಪ್ರತಿ ಅಕ್ಷರಕ್ಕೂ ನಡುವೆ ಒಂದು ಉಸಿರು ಬಿಟ್ಟು, ಒತ್ತಿದರು. ನನ್ನ ಆಫೀಸುಗಳಲ್ಲಿ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸುವವರಿದ್ದಾರೆ. ಗುಟ್ಟು ಎಂದರೇನೆಂದು ನನಗೆ ಕಂಡದ್ದು ಅಲ್ಲಿ.

ಪರದೆ ತೆರೆಯಿತು. ಹೊಸ ಹೆಸರು, ಓರೆಗೆರೆ, ಅಕ್ಕನವರ ಹೆಸರು. ಅವರು ಮುಖ ಹತ್ತಿರ ತಂದು ಓದಿದರು.

"ಹುಡುಗೀಗಿ ಒಪ್ಪತಿದ್ದಿಲ್ಲ," ಎಂದರು. "ಡಬ್ಬಿಗಿ ಒಪ್ತದ."

ಗುಗ್ಗರಿಗೆ ವ್ಯವಸ್ಥೆ ಇರಲಿಲ್ಲ. ನನಗೂ ಆ ಹೆಂಗಸಿಗೂ ಎರಡೆರಡು ಕೆಂಪು ಬಾಳೆಹಣ್ಣು ಕೊಟ್ಟರು, ಪೆಟ್ಟಿಗೆಯ ಮೇಲೂ ಒಂದಿಟ್ಟರು.

ಮರುದಿನ ಸರ್ವರಿಗೆ ಕೊನೆಯ ಆಜ್ಞೆ ಕೊಟ್ಟೆ. ಆಗ ಒಂದು ವಿಚಿತ್ರ ಗೊತ್ತಾಯಿತು. ಮನೆತನದ ಎಲ್ಲರ ಹೆಸರೂ ಬದಲಾಗುತ್ತದೆ, ಯಜಮಾನಿಯ ಸ್ವಂತ ಹೆಸರಿನ ಬಾಲದಲ್ಲಿ ಮಾತ್ರ ಹಳೆಯದು ಉಳಿದುಕೊಂಡಿರುತ್ತದೆ. ಅದನ್ನು ಬೇರೆಯಾಗಿ ಕತ್ತರಿಸಬೇಕು. ಕತ್ತರಿಸಿದೆ. ಹುಡುಗಿಗೆ ಮೆಸೇಜಿನಲ್ಲಿ ಒಂದು ಪೂರ್ಣವಿರಾಮ ಕಳಿಸಿದೆ.

ಅರಿಶಿಣದ ಹಿಂದಿನ ದಿನ ಆಯಿ ಪರೀಕ್ಷೆಗೆ ಬಂದರು. ಹುಡುಗಿಯೂ ಬಂದು ಬಾಗಿಲ ಹತ್ತಿರ ನಿಂತಳು, ಕೈ ಕಟ್ಟಿಕೊಂಡು. ಚಾಚಾ ಒಂದೊಂದು ಪರದೆ ತೋರಿಸಿದರು. ಕಮಲಾಪುರದ ಪರದೆಯನ್ನು ಅಕ್ಕನವರು ಫೋನಿನ ವಿಡಿಯೋದಲ್ಲಿ ತೋರಿಸಿದರು, ಹೆಚ್ಚಾಗಿ ತಮ್ಮ ಹಣೆಯನ್ನೇ ತೋರಿಸಿದರು. ಆಯಿಗೆ ಇದರಿಂದ ತೃಪ್ತಿಯಾಗಲಿಲ್ಲ. ಬಚ್ಚಲಿನ ಕೋಣೆಗೆ ಹೋದರು. ಸರ್ವರಿನ ಎದುರು ನಿಂತು, ಅಂಗಳದಲ್ಲಿ ಆಡುವ ಮಕ್ಕಳನ್ನು ಕರೆಯುವಂತೆ, ಹಳೆಯ ಹೆಸರು ಹಿಡಿದು ಕೂಗಿದರು.

ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಬಾಗಿಲಲ್ಲಿದ್ದ ಹುಡುಗಿ, ಇಪ್ಪತ್ತು ಚಿಲ್ಲರೆ ವರ್ಷದ ಅಭ್ಯಾಸದಿಂದ, "ಏನ್ರಿ ಆಯಿ" ಎಂದಳು.

ಆಯಿ ಅವಳ ಕಡೆ ತಿರುಗಿ ನೋಡಿದರು. ಆಮೇಲೆ ಸರ್ವರಿನ ಕಡೆ ತಿರುಗಿ ಹೊಸ ಹೆಸರು ಕೂಗಿದರು.

ಅದೇ ಕ್ಷಣ ಕರೆಂಟು ಹೋಗಿ ಯುಪಿಎಸ್ ಬೀಪ್ ಎಂದಿತು.

"ಓ ಅಂತು," ಎಂದರು ಆಯಿ. ಹೊರಗೆ ಬಂದು ಕೂತು ಚಹಾ ಕೇಳಿದರು.

ಕರೆಂಟು ತಾನಾಗಿ ಹೋಯಿತೆಂದು ನಾನು ನಂಬಿದ್ದೇನೆ. ಚಾಚಾ ಇಂದಿಗೂ ಪ್ಲಗ್ ಕಿತ್ತದ್ದು ತಾವೇ ಎನ್ನುತ್ತಾರೆ. "ಅಲ್ಲಾ ಕಸಮ್, ಬೇಟಾ, ಇದೇ ಕೈ" ಎಂದು ಕೈ ತೋರಿಸುತ್ತಾರೆ. ಆ ಹೊತ್ತಿಗೆ ಅವರ ಕೈಯಲ್ಲಿ ಫೋನಿತ್ತು, ಫೋನಿನಲ್ಲಿ ಅಕ್ಕನವರ ಹಣೆಯಿತ್ತು. ಅವರ ಮಾತು, ನನ್ನ ಮಾತು ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತೇನೆ. ಆಯಿ ಈಗ ಪಂಚಮಿಗೆ ಸರ್ವರಿನ ಹೆಸರಿನಲ್ಲಿ ಶೇಂಗಾದ ಉಂಡಿ ಕಳಿಸುತ್ತಾರೆ, ಒಂದು ಕುಬಸದ ಖಣ ಕಳಿಸುತ್ತಾರೆ. ಉಂಡಿ ಚಾಚಾ ತಿನ್ನುತ್ತಾರೆ. ಖಣವನ್ನು ಮೊದಲ ವರ್ಷ ಪೆಟ್ಟಿಗೆಗೆ ಹೊದಿಸಿದ್ದರು, ಗಾಳಿ ಕಟ್ಟಿ ಅದು ಕಾದು ನಿಂತಿತು. "ಸೊಸಿಗಿ ಸೆಕಿ ಆಗ್ಯಾದ" ಎಂದು ಫೋನು ಬಂತು.

ಮದುವೆಯ ಬಗ್ಗೆ ನನ್ನಲ್ಲಿ ಒಂದು ಚಂದದ ನೆನಪಿದೆ. ಅಭ್ಯಾಸಬಲದಿಂದ ಮಂಟಪಕ್ಕೆ ಅಕ್ಕಿಯ ಪರಾತ ಬಂತು. ಮದುಮಗ ಉಂಗುರ ಹಿಡಿದು ಏನು ಬರೆಯಬೇಕೆಂದು ತಿಳಿಯದೆ ಆಯಿಯ ಮುಖ ನೋಡಿದ. ಆಯಿ, "ಇದ್ದದ್ದೇ ಬರಿ" ಎಂದರು. ಹುಡುಗಿ ಉಂಗುರ ಕಸಿದುಕೊಂಡು ತಾನೇ ಬರೆದಳು. ಎಲ್ಲರೂ ನಕ್ಕರು. ಇಷ್ಟು ಚೆನ್ನಾಗಿ ಒಪ್ಪವಾಗಿದೆ ಎಂದೇ ನನಗೆ ಅನುಮಾನ. ಈ ಬರಹ ಮುಗಿಸುವ ಮುಂಚೆ ಕೇಳಿಬಿಡೋಣವೆಂದು ನಿನ್ನೆ ಅವಳಿಗೆ ಫೋನು ಮಾಡಿದೆ.

"ಯಾವ ಪರಾತ ಅಕ್ಕಾ?" ಎಂದಳು. "ಮದುವ್ಯಾಗ ಪರಾತೇ ಬಂದಿಲ್ಲ. ಅದು ಅವತ್ತಿಂದ ನಿಮ್ಮ ಸರ್ವರ್ ಮ್ಯಾಲೇ ಕೂತದ. ಹೋಗಿ ನೋಡ್ರಿ."

ಇವತ್ತು ಹೋಗಿ ನೋಡಿದೆ. ಪರಾತ ಅಲ್ಲೇ ಇದೆ. ಚಾಚಾ ಅದರಲ್ಲಿ ಸ್ಕ್ರೂಗಳನ್ನು ಹಾಕಿಟ್ಟಿದ್ದಾರೆ, ತಳದಲ್ಲಿ ಕೆಲವು ಅಕ್ಕಿಕಾಳು. ಅವಳ ಉಳಿದ ಮಾತು ನಂಬಬಹುದೋ ಇಲ್ಲವೋ, ವಕೀಲೆ. ಆದರೆ ಫೋನು ಎತ್ತಿದ ಕೂಡಲೇ ಹಲೋ ಎನ್ನುವ ಬದಲು ಅವಳು ತನ್ನ ಹೆಸರು ಹೇಳುತ್ತಾಳೆ, ಅದೊಂದು ರೂಢಿ. ನಿನ್ನೆಯೂ ಹೇಳಿದಳು. ಅತ್ತೆಮನೆಯ ಅಡುಗೆಮನೆಯಿಂದ, ಒಗ್ಗರಣೆಯ ಸದ್ದಿನ ನಡುವೆ, ಸೋದರತ್ತೆ ತೊಟ್ಟಿಲ ಮೇಲೆ ಬಾಗಿ ಗುದ್ದು ತಿಂದು ಇಟ್ಟ ಅದೇ ಹೆಸರು.